ಒಂದು ಪರ್ಸೆಂಟ್ ಪಂಡಿತರು

ಕ್ರೆಡಿಟ್ ಕಾರ್ಡ್ ಆರಿಸುವುದು ಈಗ ಯಾರು ಬೇಕಾದರೂ ಮಾಡುವ ಕೆಲಸವಾಗಿ ಉಳಿದಿಲ್ಲ. ಅದಕ್ಕೆ ಅಧ್ಯಯನ ಬೇಕು, ಎಕ್ಸೆಲ್ ಶೀಟ್ ಬೇಕು, ರಾತ್ರಿ ನಿದ್ದೆ ಕೆಡುವ ತಾಳ್ಮೆ ಬೇಕು. ಈ ವಿದ್ಯೆಯಲ್ಲಿ ಪಳಗಿದ ಪಂಡಿತರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ. ಇಂಧನಕ್ಕೆ ಒಂದು ಕಾರ್ಡ್, ಆನ್‌ಲೈನ್ ಖರೀದಿಗೆ ಇನ್ನೊಂದು, ವಿಮಾನದ ಟಿಕೆಟ್‌ಗೆ ಮತ್ತೊಂದು. ಆ ಮತ್ತೊಂದರ ವಾರ್ಷಿಕ ಶುಲ್ಕ ಮಾಫಿ ಆಗಬೇಕಾದರೆ ಮೊದಲಿನ ಎರಡನ್ನು ಯಾವ ತಿಂಗಳಿನಲ್ಲಿ ಮುಟ್ಟಬಾರದು ಎಂಬುದೂ ಅವರಿಗೆ ಬಾಯಿಪಾಠ. ಖರ್ಚಿನ ಒಂದೂವರೆ ಪರ್ಸೆಂಟ್ ವಾಪಸ್ ಕೊಡುವ ಕ್ಯಾಶ್‌ಬ್ಯಾಕ್ ಮೇಲೋ, ಒಂದೂಮುಕ್ಕಾಲು ಪರ್ಸೆಂಟ್ ಬೆಲೆಯ ಬಹುಮಾನದ ಪಾಯಿಂಟ್ ಮೇಲೋ ಎಂದು ಕೇಳಿ ನೋಡಿ. ಊಟದ ವಿರಾಮ ಮುಗಿದರೂ ಉತ್ತರ ಮುಗಿಯುವುದಿಲ್ಲ.

ಬಡ್ಡಿ ಎಷ್ಟು ಎಂದು ಕೇಳಿದರೆ ಮಾತ್ರ ಪಂಡಿತರ ಮುಖ ಸಪ್ಪಗಾಗುತ್ತದೆ. "ಅದ್ಯಾಕೆ ಬೇಕು? ನಾನು ಪೂರ್ತಿ ಕಟ್ತೀನಲ್ಲ!"

ನಿಜ. ಕಾರ್ಡ್ ತೆಗೆದುಕೊಳ್ಳುವ ದಿನ ಎಲ್ಲರೂ ಪೂರ್ತಿ ಕಟ್ಟುವವರೇ. ಅರ್ಜಿಗೆ ಸಹಿ ಹಾಕುವಾಗ "ನಾನು ಕನಿಷ್ಠ ಮೊತ್ತ ಕಟ್ಟುವ ಜಾತಿ" ಎಂದು ಹೇಳಿದವರನ್ನು ಯಾರೂ ನೋಡಿಲ್ಲ. ಆದರೂ ಬ್ಯಾಂಕುಗಳಿಗೆ ಕಾರ್ಡ್ ಬಡ್ಡಿಯಿಂದ ರಾಶಿ ರಾಶಿ ಆದಾಯ ಬರುತ್ತಲೇ ಇದೆ. ಯಾರು ಕೊಡುತ್ತಿದ್ದಾರೋ ಏನೋ. ಬಹುಶಃ ಪಕ್ಕದ ಮನೆಯವರು.

ಬ್ಯಾಂಕಿನವರ ಬಾಯಿಂದಲಾದರೂ ಬಡ್ಡಿ ಕೇಳೋಣ ಎಂದರೆ ಅದೂ ಸುಲಭವಲ್ಲ. ಕಾರ್ಡ್ ಮಾರುವ ಫೋನ್ ಬಂದಾಗ ಒಮ್ಮೆ ಪ್ರಯತ್ನಿಸಿ.

"ಸರ್, ನಿಮಗೆ ಕಾರ್ಡ್ ಅಪ್ರೂವ್ ಆಗಿದೆ. ಲೈಫ್‌ಟೈಮ್ ಫ್ರೀ."

"ನಾನು ಅಪ್ಲೈ ಮಾಡೇ ಇಲ್ವಲ್ಲಮ್ಮ?"

"ಅದಕ್ಕೇ ಸರ್, ಪ್ರೀ-ಅಪ್ರೂವ್ಡ್."

"ಸರಿ, ಬಡ್ಡಿ ಎಷ್ಟು?"

"ವೆಲ್ಕಮ್ ಬೋನಸ್ ಐದು ಸಾವಿರ ಪಾಯಿಂಟ್ ಸರ್."

"ಅದು ಸರಿ. ಬಡ್ಡಿ?"

"ಐವತ್ತು ದಿನದ ತನಕ ಬಡ್ಡೀನೇ ಇಲ್ಲ ಸರ್."

"ಐವತ್ತೊಂದನೇ ದಿನ?"

"ಸರ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ."

ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ಅವಳಿಗೂ ತಿಂಗಳ ಟಾರ್ಗೆಟ್ ಇರುತ್ತದೆ. ಅವಳ ಕೈಗೆ ಕೊಟ್ಟ ಕಾಗದದಲ್ಲಿ ಐವತ್ತೊಂದನೇ ದಿನ ಇರುವುದೇ ಇಲ್ಲ.

ಬಡ್ಡಿ ಮುಚ್ಚಿಟ್ಟ ಗುಟ್ಟೇನಲ್ಲ, ಬರೆದೇ ಇರುತ್ತಾರೆ. ಬರೆಯುವ ರೀತಿಯಲ್ಲಿ ಜಾಣತನ ಇದೆ ಅಷ್ಟೇ. ಬಹುಮಾನದ ಲೆಕ್ಕ ವರ್ಷಕ್ಕೆ. "ವರ್ಷಕ್ಕೆ ಇಷ್ಟು ಸಾವಿರ ಉಳಿಸಿ" ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಬಡ್ಡಿಯ ಲೆಕ್ಕ ಮಾತ್ರ ಎಷ್ಟೋ ಕಡೆ ತಿಂಗಳಿಗೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದರೆ ಕೇಳಲು ಎಷ್ಟು ಸೌಮ್ಯ! ಅದನ್ನೇ ಹನ್ನೆರಡರಿಂದ ಗುಣಿಸಿದರೆ 42. ಬಡ್ಡಿಗೆ ಬಡ್ಡಿ ಸೇರಿಸಿದರೆ ವರ್ಷಕ್ಕೆ 51 ಪರ್ಸೆಂಟ್. ಈ ದರ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ವರ್ಷದ ಸರಾಸರಿ 20 ಪರ್ಸೆಂಟ್ ದಾಟಿದಾಗಲೇ ಅಲ್ಲಿನವರು ಹೌಹಾರಿದರು. ಅಳುಕಿನ ಜನ.

ಈಗ ಪಂಡಿತರ ಎಕ್ಸೆಲ್ ಶೀಟ್ ತೆಗೆಯಿರಿ. ಒಂದು ಲಕ್ಷ ಖರ್ಚಿಗೆ ಒಂದು ಪರ್ಸೆಂಟ್ ಬಹುಮಾನ ಅಂದರೆ ಒಂದು ಸಾವಿರ. ಅದೇ ಒಂದು ಲಕ್ಷವನ್ನು ಕಟ್ಟದೆ ಬಿಟ್ಟರೆ ಮೂರೂವರೆ ಪರ್ಸೆಂಟ್ ದರದಲ್ಲಿ ತಿಂಗಳ ಬಡ್ಡಿ 3,500. ಅಂದರೆ ಎಷ್ಟೋ ರಾತ್ರಿ ಕೂತು ಗೆದ್ದ ಬಹುಮಾನವನ್ನು ಬಡ್ಡಿ ಒಂಬತ್ತೇ ದಿನದಲ್ಲಿ ನುಂಗಿ ಹಾಕುತ್ತದೆ. ಒಂದೂವರೆಯೋ ಒಂದೂಮುಕ್ಕಾಲೋ ಎಂದು ಜಗಳವಾಡಿದ ಕಾಲು ಪರ್ಸೆಂಟ್ ಇದೆಯಲ್ಲ, ಅದನ್ನು ನುಂಗಲು ಎರಡು ದಿನ ಚಿಲ್ಲರೆ ಸಾಕು.

"ಅಯ್ಯೋ, ಪೂರ್ತಿ ಬಿಡೋದು ಯಾರು? ಸ್ವಲ್ಪ ಬಾಕಿ ಉಳಿಯಬಹುದು ಅಷ್ಟೇ" ಎನ್ನುತ್ತೀರಾ? ಆ ಸ್ವಲ್ಪದ ಕಥೆ ಇನ್ನೂ ಚೆನ್ನಾಗಿದೆ. ಬಿಲ್ ಒಂದು ಲಕ್ಷ ಬಂತು. ಕೊನೆಯ ದಿನದೊಳಗೆ ತೊಂಬತ್ತೊಂಬತ್ತು ಸಾವಿರ ಕಟ್ಟಿದಿರಿ. ಬಡ್ಡಿ ಉಳಿದ ಒಂದು ಸಾವಿರಕ್ಕೆ ಮಾತ್ರ ಎಂದುಕೊಂಡಿರಿ, ಅಲ್ವಾ? ಎಷ್ಟೋ ಕಾರ್ಡ್‌ಗಳಲ್ಲಿ ಹಾಗಿಲ್ಲ. ಒಂದು ರೂಪಾಯಿ ಬಾಕಿ ಉಳಿಸಿದರೂ ಆ ಐವತ್ತು ದಿನದ ವಿನಾಯಿತಿ ಪೂರ್ತಿ ರದ್ದು. ನೀವು ಕಟ್ಟಿದ ತೊಂಬತ್ತೊಂಬತ್ತು ಸಾವಿರಕ್ಕೂ ವಸ್ತು ಕೊಂಡ ದಿನದಿಂದ ಹಣ ಕಟ್ಟಿದ ದಿನದವರೆಗೆ ಬಡ್ಡಿ ಬೀಳುತ್ತದೆ. ಮುಂದಿನ ತಿಂಗಳು ಏನೇ ಕೊಂಡರೂ ಉಜ್ಜಿದ ಕ್ಷಣದಿಂದಲೇ ಮೀಟರ್ ಓಡುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರಂತೂ ವಿನಾಯಿತಿ ಮೊದಲಿನಿಂದಲೂ ಇರುವುದಿಲ್ಲ. ಪಾಯಿಂಟೂ ಇರುವುದಿಲ್ಲ.

ಇಷ್ಟಾದ ಮೇಲೂ ಬ್ಯಾಂಕಿಗೆ ಕರುಣೆ ಇಲ್ಲ ಎನ್ನಬೇಡಿ. ಬಿಲ್ ತೆರೆದು ನೋಡಿ. "ಕನಿಷ್ಠ ಪಾವತಿ" ಎಂಬ ಪುಟ್ಟ ಮೊತ್ತ ಎಷ್ಟು ಅಕ್ಕರೆಯಿಂದ ಕೂತಿರುತ್ತದೆ! ಒಂದು ಲಕ್ಷ ಕೊಡಲು ಆಗುವುದಿಲ್ಲವೇ? ಪರವಾಗಿಲ್ಲ, ಐದು ಪರ್ಸೆಂಟ್ ಕೊಡಿ ಸಾಕು. ಯಾರಿಗೆ ಉಂಟು ಯಾರಿಗೆ ಇಲ್ಲ ಈ ಔದಾರ್ಯ? ನೀವೂ ಕೃತಜ್ಞತೆಯಿಂದ ಕಟ್ಟುತ್ತಾ ಹೋಗುತ್ತೀರಿ. ಹೊಸದಾಗಿ ಏನನ್ನೂ ಕೊಳ್ಳದೆ, ಕಾರ್ಡ್ ಅನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅದೇ ಮೂರೂವರೆ ಪರ್ಸೆಂಟ್ ದರದಲ್ಲಿ ವರ್ಷವಿಡೀ ಕನಿಷ್ಠ ಪಾವತಿ ಮಾಡಿದರೆ ನಿಮ್ಮ ಕೈಯಿಂದ ಹೋಗುವುದು ಸುಮಾರು 56,700. ಸಾಲ ಇಳಿಯುವುದು ಸುಮಾರು 18,350. ಒಂದು ಲಕ್ಷದಲ್ಲಿ ಇನ್ನೂ ಎಂಬತ್ತೊಂದು ಸಾವಿರದ ಮೇಲೆ ಹಾಗೇ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಕೊಟ್ಟಾಯಿತು, ಐದನೇ ಒಂದು ಭಾಗವೂ ತೀರಲಿಲ್ಲ. ಬೇಕಿದ್ದರೆ ನೀವೇ ಕೂಡಿ ಕಳೆದು ನೋಡಿ, ಪಂಡಿತರ ಎಕ್ಸೆಲ್‌ನಲ್ಲಿ ಜಾಗ ಖಾಲಿ ಇದೆ.

ಅಮೆರಿಕದಲ್ಲಿ 2009ರಲ್ಲಿ ಒಂದು ಕಾನೂನು ತಂದರು. ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ಕಾಲ ಬೇಕು ಎಂದು ಬಿಲ್ ಮೇಲೆಯೇ ಮುದ್ರಿಸಬೇಕು. ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿದಂತೆ. ಸಿಗರೇಟು ಸೇದುವವರು ಅದನ್ನು ಎಷ್ಟು ಓದುತ್ತಾರೋ, ಇದನ್ನೂ ಅಷ್ಟೇ ಓದುತ್ತಾರೆ ಅನ್ನಿ.

ಇಷ್ಟು ಬಡ್ಡಿ ಹಾಕಲು ಯಾರೂ ತಡೆಯಲಿಲ್ಲವೇ ಎಂದರೆ, ತಡೆದಿದ್ದರು. 1950ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಡೈನರ್ಸ್ ಕ್ಲಬ್ ಕಾರ್ಡ್‌ನಲ್ಲಿ ತಿಂಗಳ ಬಾಕಿಯನ್ನು ಪೂರ್ತಿ ಕಟ್ಟಬೇಕಿತ್ತು. ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವ ಸೌಭಾಗ್ಯ ಆಮೇಲಿನದು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಎಂಬ ಊರಿನಲ್ಲಿ ಸುಮಾರು 60,000 ಜನರಿಗೆ ಕೇಳದೆಯೇ ಅಂಚೆಯಲ್ಲಿ ಕಾರ್ಡ್ ಕಳುಹಿಸಿತು. ಪ್ರೀ-ಅಪ್ರೂವ್ಡ್ ಫೋನಿನ ಅಜ್ಜ ಅದೇ. ಆಗ ರಾಜ್ಯ ರಾಜ್ಯಗಳಲ್ಲಿ ಬಡ್ಡಿಗೆ ಮಿತಿ ಇತ್ತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಗಿರಾಕಿ ಯಾವ ರಾಜ್ಯದಲ್ಲೇ ಇರಲಿ, ರಾಷ್ಟ್ರೀಯ ಬ್ಯಾಂಕು, ಅಂದರೆ ಕೇಂದ್ರ ಸರ್ಕಾರದ ಪರವಾನಗಿ ಪಡೆದ ಬ್ಯಾಂಕು, ತಾನಿರುವ ರಾಜ್ಯದ ಬಡ್ಡಿ ದರ ಹಾಕಬಹುದು. ಬ್ಯಾಂಕಿನವರಿಗೆ ಇನ್ನೇನು ಬೇಕು? ಮಿತಿ ಇರುವ ಊರು ಬಿಟ್ಟು ಮಿತಿ ಇಲ್ಲದ ಊರಿಗೆ ಹೋದರೆ ಆಯಿತು. ಸೌತ್ ಡಕೋಟಾ ರಾಜ್ಯ 1980ರಲ್ಲಿ ಬಡ್ಡಿ ಮಿತಿಯನ್ನೇ ತೆಗೆದುಹಾಕಿ ಬಾಗಿಲು ತೆರೆಯಿತು. ಮರುವರ್ಷ ಸಿಟಿಬ್ಯಾಂಕ್ ತನ್ನ ಕಾರ್ಡ್ ವ್ಯವಹಾರವನ್ನು ನ್ಯೂಯಾರ್ಕಿನಿಂದ ಅಲ್ಲಿಗೆ ಸಾಗಿಸಿತು. ಆಗ ಬೆಲೆ ಏರಿಕೆ ವಿಪರೀತ, ಹಳೆಯ ಮಿತಿಯಲ್ಲಿ ಬ್ಯಾಂಕುಗಳಿಗೆ ನಷ್ಟವಾಗುತ್ತಿತ್ತು ಎಂಬುದೂ ನಿಜ. ಆಮೇಲೆ ಬೆಲೆ ಏರಿಕೆ ಇಳಿಯಿತು. ಕಾರ್ಡ್ ಬಡ್ಡಿಗೆ ಇಳಿಯುವ ಅವಸರ ಕಾಣಲಿಲ್ಲ.

ಬಡ್ಡಿ ಹೀಗೆ ನೆಮ್ಮದಿಯಾಗಿ ನೆಲೆಸಿದ ಮೇಲೆ ಬಹುಮಾನಗಳು ಬಂದವು. 1986ರಲ್ಲಿ ಡಿಸ್ಕವರ್ ಕಾರ್ಡ್ ಖರ್ಚಿನ ಒಂದು ಚೂರನ್ನು ಗಿರಾಕಿಗೆ ವಾಪಸ್ ಕೊಡಲು ಶುರು ಮಾಡಿತು. ಜನ ಕಣ್ಣರಳಿಸಿದರು. ಬ್ಯಾಂಕ್ ನಮಗೇ ಹಣ ಕೊಡುತ್ತಿದೆ!

ಕೊಡುತ್ತಿರುವುದು ಯಾರ ಹಣ ಎಂದು ಕೇಳುವುದು ಅಸಭ್ಯತೆ. ಆದರೂ ಹೇಳಿಬಿಡೋಣ. ನೀವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ಒಂದು ಕಮಿಷನ್ ಕಟ್ಟುತ್ತಾರೆ. ಅದರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಅಂಗಡಿಯವರು ಅದನ್ನು ಮನೆಯಿಂದ ತರುತ್ತಾರೆಯೇ? ಬೆಲೆಯಲ್ಲೇ ಸೇರಿಸುತ್ತಾರೆ. ಆ ಬೆಲೆಯನ್ನು ನಗದು ಕೊಡುವವರೂ ಕಟ್ಟುತ್ತಾರೆ, ಅವರಿಗೆ ಪಾಯಿಂಟ್ ಇಲ್ಲ. ಯುರೋಪಿನಲ್ಲಿ 2015ರಲ್ಲಿ ಬ್ಯಾಂಕಿಗೆ ಹೋಗುವ ಈ ಪಾಲಿಗೆ ಕ್ರೆಡಿಟ್ ಕಾರ್ಡ್‌ಗೆ 0.3 ಪರ್ಸೆಂಟ್ ಎಂದು ಮಿತಿ ಹಾಕಿದರು. ಅಲ್ಲಿನ ಬ್ಯಾಂಕುಗಳ ಧಾರಾಳ ಮನಸ್ಸು ಕೂಡಲೇ ಸೊರಗಿತು, ಬಹುಮಾನಗಳು ತೆಳ್ಳಗಾದವು. ದಾನಿಯ ಜೇಬಿಗೆ ಇನ್ನೊಬ್ಬರ ಹಣ ಬರುವುದು ನಿಂತರೆ ದಾನ ಹೇಗೆ ನಡೆದೀತು?

ಇನ್ನೊಂದು ಮೂಲ ಬಡ್ಡಿಯೇ. ಅಮೆರಿಕದ ಕೇಂದ್ರ ಬ್ಯಾಂಕಿನ ಅರ್ಥಶಾಸ್ತ್ರಜ್ಞರೂ ಸೇರಿ ಮಾಡಿದ ಒಂದು ಅಧ್ಯಯನದ ಅಂದಾಜು ಹೀಗಿದೆ: ಬಹುಮಾನದ ಕಾರ್ಡ್‌ಗಳ ಮೂಲಕ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್, ಹಣದ ಲೆಕ್ಕ ಅಷ್ಟಾಗಿ ಬಾರದವರ ಕೈಯಿಂದ ಲೆಕ್ಕದಲ್ಲಿ ಜಾಣರಾದವರ ಕೈಗೆ ಸಾಗುತ್ತಿದೆ. ಅಂದರೆ ಪಂಡಿತರು ಕಾರ್ಡ್ ತೋರಿಸಿದರೆ ಒಳಗೆ ಬಿಡುವ ವಿಮಾನ ನಿಲ್ದಾಣದ ಲಾಂಜ್‌ನಲ್ಲಿ ಪುಕ್ಕಟೆ ಸೋಫಾದ ಮೇಲೆ ಕಾಲು ಚಾಚಿದಾಗ, ಎಲ್ಲೋ ಒಬ್ಬರು ಕನಿಷ್ಠ ಪಾವತಿ ಮಾಡುತ್ತಿರುತ್ತಾರೆ. ಇತ್ತೀಚೆಗೆ ಲಾಂಜ್‌ನಲ್ಲಿ ಸೋಫಾ ಸಿಗುವುದೂ ಕಷ್ಟ. ಎಲ್ಲರ ಬಳಿಯೂ ಅದೇ ಕಾರ್ಡ್, ಹಾಗಾಗಿ ಹೊರಗೆ ಕ್ಯೂ. ಪುಕ್ಕಟೆ ಆರಾಮಕ್ಕಾಗಿ ನಿಂತು ಕಾಲು ನೋಯಿಸಿಕೊಳ್ಳುವ ಜನರನ್ನು ನೋಡಲೆಂದೇ ಒಮ್ಮೆ ಹೋಗಿ ಬರಬಹುದು.

ಪಂಡಿತರಲ್ಲಿ ಮಹಾಪಂಡಿತರೂ ಇದ್ದಾರೆ, ಅವರಿಗೆ ನನ್ನ ದೊಡ್ಡ ನಮಸ್ಕಾರ. ಅಮೆರಿಕದ ಟಂಕಸಾಲೆ ಒಂದು ಡಾಲರ್ ನಾಣ್ಯಗಳನ್ನು ಚಲಾವಣೆಗೆ ತರಬೇಕೆಂದು 2008ರಲ್ಲಿ ಒಂದು ಯೋಜನೆ ಮಾಡಿತು. ಮುಖಬೆಲೆಗೇ ನಾಣ್ಯ, ಮನೆಗೆ ಕಳುಹಿಸುವ ಖರ್ಚು ಸರ್ಕಾರದ್ದು, ಕ್ರೆಡಿಟ್ ಕಾರ್ಡ್ ಕೂಡ ನಡೆಯುತ್ತದೆ. ಮಹಾಪಂಡಿತರು ಪೆಟ್ಟಿಗೆ ಪೆಟ್ಟಿಗೆ ನಾಣ್ಯ ತರಿಸಿದರು. ಪೆಟ್ಟಿಗೆಯನ್ನು ನೇರವಾಗಿ ಬ್ಯಾಂಕಿಗೆ ಹೊತ್ತುಕೊಂಡು ಹೋಗಿ ಜಮಾ ಮಾಡಿದರು. ಅದೇ ಹಣದಿಂದ ಕಾರ್ಡ್ ಬಿಲ್ ಕಟ್ಟಿದರು. ಖರ್ಚು ಸೊನ್ನೆ, ವಿಮಾನದ ಮೈಲು ಪಾಯಿಂಟ್ ಕೈತುಂಬ. ನಾಣ್ಯ ಯಾರ ಜೇಬಿಗೂ ಹೋಗಲಿಲ್ಲ, ಲಾರಿಯಲ್ಲಿ ಊರು ಸುತ್ತಿತು ಅಷ್ಟೇ. ಕೊನೆಗೆ 2011ರಲ್ಲಿ ಟಂಕಸಾಲೆ ಈ ಮಾರಾಟಕ್ಕೆ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಬ್ಯಾಂಕನ್ನು ಸೋಲಿಸಲು ಸರ್ಕಾರದ ಖರ್ಚಿನಲ್ಲಿ ಲೋಹ ಹೊರಬೇಕಾಯಿತು ನೋಡಿ. ನಮ್ಮ ನಿಮ್ಮಂಥವರು ಬ್ಯಾಂಕನ್ನು ಸೋಲಿಸಲು ಹೊರಡುವುದು ಸಾಮಾನ್ಯವಾಗಿ ಬೇಡದ ಸೂಟ್‌ಕೇಸ್ ಕೊಂಡು. ಇನ್ನು ಎಂಟು ಸಾವಿರ ಖರ್ಚು ಮಾಡಿದರೆ ಒಂದು ಸಾವಿರದ ವಾರ್ಷಿಕ ಶುಲ್ಕ ಮಾಫಿ ಎಂದು ಮೆಸೇಜ್ ಬಂದಿರುತ್ತದಲ್ಲ!

ಹಾಗಾದರೆ ಯಾವ ಕಾರ್ಡ್ ತೆಗೆದುಕೊಳ್ಳಬೇಕು ಎಂದು ಕೇಳುವಿರಿ. ಪ್ರತಿ ತಿಂಗಳು ಪೂರ್ತಿ ಕಟ್ಟುವುದು ಖಂಡಿತ ಎಂದಾದರೆ ಯಾವುದಾದರೂ ಆದೀತು, ಬಡ್ಡಿ ದರ ನೂರಿದ್ದರೂ ನಿಮಗೇನು? ಬಾಕಿ ಉಳಿಯುವ ಸಂಭವ ಇದೆ ಎಂದಾದರೆ ಬಹುಮಾನದ ಪುಟ ಹರಿದುಹಾಕಿ ಬಡ್ಡಿಯ ಸಾಲೊಂದನ್ನೇ ಓದಿ. ಬಹುಮಾನ ಜಾಸ್ತಿ ಕೊಡುವ ಕಾರ್ಡ್‌ನಲ್ಲಿ ಬಡ್ಡಿಯೂ ಜಾಸ್ತಿ ಇರುವುದುಂಟು. ಆದರೆ ಇಷ್ಟು ಸರಳ ಉತ್ತರ ಪಂಡಿತರಿಗೆ ಹಿಡಿಸುವುದಿಲ್ಲ. ಅವರು ಆಗಲೇ ಪಾಯಿಂಟ್ ಬಿಡಿಸಿಕೊಳ್ಳುವ ಪುಟಕ್ಕೆ ಹೋಗಿದ್ದಾರೆ.

ಆ ಪುಟದಲ್ಲಿ ಒಂದು ಪಾಯಿಂಟ್ ಅಂದರೆ ಒಂದು ರೂಪಾಯಿ ಅಲ್ಲ, ಕಾಲು ರೂಪಾಯಿ. ಕಳೆದ ವರ್ಷದ ಪಾಯಿಂಟ್‌ಗಳ ಅವಧಿ ಮುಗಿದಿದೆ. ಉಳಿದದ್ದಕ್ಕೆ ಒಂದು ಮಿಕ್ಸರ್ ಬರುತ್ತದೆ, ಅಂಗಡಿಯಲ್ಲಿ ಅದಕ್ಕಿಂತ ಅಗ್ಗಕ್ಕೆ ಸಿಗುವಂಥದ್ದು. ಪಂಡಿತರು ಒತ್ತಿಯೇ ಬಿಡುತ್ತಾರೆ. ಬಹುಮಾನ ಬಿಡಿಸಿಕೊಂಡದ್ದಕ್ಕೆ ಒಂದು ಶುಲ್ಕ ಇದೆ, ಅದು ಮುಂದಿನ ಬಿಲ್‌ಗೆ ಸೇರುತ್ತದೆ. ಆ ಶುಲ್ಕಕ್ಕೆ ತೆರಿಗೆ ಇದೆ. ಪಾಯಿಂಟ್ ಇಲ್ಲ.