ಬೋರಿನ ಹುಡಿ ಹೇಳುವುದನ್ನು ಬರೆದಿಡಿ

ಕಳೆದ ವಾರ ನಮ್ಮ ಕೇರಿಯಲ್ಲಿ ಮತ್ತೊಂದು ಬೋರ್ ಕೊರೆದರು. ಶಿರಸಿಯಿಂದ ಹೆಚ್ಚು ದೂರವಿಲ್ಲದ, ಸುತ್ತ ಅಡಿಕೆ ತೋಟಗಳಿರುವ ಊರು ನಮ್ಮದು. ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ ಬೀಳುವ ಸೀಮೆ. ಆದರೂ ಏಪ್ರಿಲ್ ಬಂತೆಂದರೆ ರಾತ್ರಿಯೆಲ್ಲ ರಿಗ್ ಲಾರಿಯ ಸದ್ದು. ನಿದ್ದೆ ಬಿಟ್ಟು, ಟಾರ್ಚು ಮತ್ತು ನೋಟ್‌ಬುಕ್ ಹಿಡಿದು ನಾನೂ ಅಲ್ಲಿಗೆ ಹೋಗಿ ನಿಂತೆ.

ಉಳಿದವರೆಲ್ಲ ನೀರಿಗಾಗಿ ಕಾಯುತ್ತಿದ್ದರು, ನಾನು ಹುಡಿ ನೋಡುತ್ತಿದ್ದೆ. ಮೊದಲು ಬಂದದ್ದು ಕೆಂಪು ಹುಡಿ, ಅದು ಚಿರೆಕಲ್ಲು. ಆಮೇಲೆ ಹಳದಿ. ಅದರ ಕೆಳಗೆ ಬೆರಳಿಗೆ ಮೆತ್ತಿಕೊಳ್ಳುವ ಬಿಳಿಚು ಶೇಡಿ ಮಣ್ಣು. 70 ಅಡಿ ದಾಟಿದ ಮೇಲೆ ಬೂದುಬಣ್ಣದ ಒಣ ಹುಡಿ ಹಾರತೊಡಗಿತು. ಗಟ್ಟಿ ಕಲ್ಲು ಸಿಕ್ಕಿತ್ತು, ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪ್ ಅಲ್ಲಿಗೆ ಮುಗಿಯಿತು. 190 ಅಡಿಯ ಹೊತ್ತಿಗೆ ಹುಡಿ ಒದ್ದೆಯಾಯಿತು, ಜೊತೆಗೆ ಒಂದು ಮಗ್ಗುಲಿಗೆ ತುಕ್ಕು ಹಿಡಿದ ಕಲ್ಲಿನ ಚಕ್ಕೆಗಳು ಬಂದವು. ಅಷ್ಟು ಆಳದ ಕಲ್ಲಿಗೆ ತುಕ್ಕು ಎಲ್ಲಿಂದ ಬರಬೇಕು? ಮಳೆಯ ನೀರು ಗಾಳಿಯ ಅಂಶವನ್ನು ಹೊತ್ತುಕೊಂಡು ಆ ಬಿರುಕಿನಲ್ಲಿ ಬಹುಕಾಲ ಹರಿದಿದೆ ಎಂಬುದಕ್ಕೆ ಆ ಚಕ್ಕೆಯೇ ಸಾಕ್ಷಿ.

ಬೆಳಗಾಗುವಷ್ಟರಲ್ಲಿ ಲಾರಿ ಹೊರಟುಹೋಯಿತು. ಮನೆಯವರ ಕೈಯಲ್ಲಿ ಉಳಿದದ್ದು ಎರಡೇ ಲೆಕ್ಕ: ಒಟ್ಟು ಎಷ್ಟು ಅಡಿ, ಎಷ್ಟು ಇಂಚು ನೀರು. ಲಕ್ಷಗಟ್ಟಲೆ ಖರ್ಚು ಮಾಡಿ ಭೂಮಿಯ ಒಳಗನ್ನು ನೋಡುವ ಅವಕಾಶ ಪಡೆದು, ನೋಡಿದ್ದನ್ನು ಅಂಗಳದಲ್ಲೇ ಗುಡಿಸಿ ಹಾಕುತ್ತೇವೆ. ಇದು ನನಗೆ ಬಹಳ ಸಂಕಟದ ವಿಷಯ.

ಇಂಥ ಗಟ್ಟಿ ಕಲ್ಲಿನೊಳಗೆ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬಿರುಕಿನ ಅಗಲ ಎರಡು ಪಟ್ಟಾದರೆ ಹರಿಯುವ ನೀರು ಎಂಟು ಪಟ್ಟಾಗುತ್ತದೆ. ಹತ್ತು ಅಡಿ ಆಚೆ ಕೊರೆದರೆ ಬರೀ ಹುಡಿ, ಈಚೆ ಕೊರೆದರೆ ಧಾರಾಳ ನೀರು ಎಂಬ ಒಗಟಿಗೆ ಉತ್ತರ ಇಲ್ಲಿದೆ. ಆದರೆ ಬಿರುಕು ನೀರಿನ ದಾರಿಯೇ ಹೊರತು ದೊಡ್ಡ ಉಗ್ರಾಣವಲ್ಲ. ಉಗ್ರಾಣ ಇರುವುದು ಮೇಲಿನ ಮಣ್ಣಿನಲ್ಲಿ, ಚಿರೆಕಲ್ಲಿನಲ್ಲಿ, ಕೊಳೆತು ಮೆತ್ತಗಾದ ಕಲ್ಲಿನ ಪದರದಲ್ಲಿ. ಅಂದರೆ ನಮ್ಮ ತೆರೆದ ಬಾವಿಗಳು ಇರುವ ಜಾಗದಲ್ಲೇ.

"ಅಕ್ಕೋರೇ, ಬೋರಿನ ನೀರು ಇನ್ನೂರು ಅಡಿ ಕೆಳಗಿನದು, ನಿಮ್ಮ ಬಾವಿಗೆ ಏನಾಗುತ್ತದೆ?" ಎಂದು ಪಕ್ಕದ ಮನೆಯವರು ಹಿಂದೊಮ್ಮೆ ಕೇಳಿದ್ದರು. ಅವರೊಡನೆ ವಾದ ಮಾಡಲಿಲ್ಲ, ಅಳೆಯಲು ಶುರುಮಾಡಿದೆ. ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಸಿದರೆ, ನೆನೆದಷ್ಟು ಭಾಗ ಕಪ್ಪಾಗಿ ಕಾಣುತ್ತದೆ. ದಿನವೂ ಬೆಳಿಗ್ಗೆ ಆರಕ್ಕೆ, ಬಾವಿಕಟ್ಟೆಯ ಮೇಲಿನ ಅದೇ ಗುರುತಿನಿಂದ. ಕಳೆದ ಮೇ ತಿಂಗಳಲ್ಲಿ ಗಾಳಿಗೆ ಕಂಬ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ಕೇರಿಯ ಬೋರುಗಳೆಲ್ಲ ನಿಂತವು. ಒಂದು ಹನಿ ಮಳೆ ಬೀಳದಿದ್ದರೂ ಬಾವಿಯ ನೀರು 11 ಸೆಂಟಿಮೀಟರ್ ಏರಿತು. ಕರೆಂಟ್ ಬಂದ ಮರುದಿನದಿಂದ ಇಳಿಯಿತು. ಪಕ್ಕದ ಮನೆಯವರನ್ನು ಕರೆದು ಟೇಪು ತೋರಿಸಿದೆ. ಈಗ ಅವರೂ ಅಳೆಯುತ್ತಾರೆ. ಎಲ್ಲ ಕಡೆಯೂ ಹೀಗೇ ಆಗಬೇಕೆಂದಿಲ್ಲ. ಶೇಡಿ ನೀರನ್ನು ಸುಲಭವಾಗಿ ಬಿಡುವುದಿಲ್ಲ, ಅದು ದಪ್ಪವಾಗಿದ್ದರೆ ಬಾವಿಯ ಮಟ್ಟ ಅಲುಗದೆಯೂ ಇರಬಹುದು. ಅದಕ್ಕೇ ಅಳೆಯಿರಿ ಎನ್ನುತ್ತೇನೆ.

ನೀರಿನ ಗುಣದ ಮಾತೂ ಇದೇ. ಮಣ್ಣು ನೀರನ್ನು ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಚಿರೆಕಲ್ಲಿನ ತೂತುಗಳೂ ಹೆಚ್ಚೇನೂ ಸೋಸುವುದಿಲ್ಲ. ಶೌಚದ ಗುಂಡಿಯ ನೀರು ಅಂಥ ದಾರಿ ಹಿಡಿದರೆ ಬಹುಬೇಗ ಬಾವಿ ಸೇರುತ್ತದೆ. ಬೋರಿನ ನೀರು ಆಳದ್ದು, ಆದ್ದರಿಂದ ಶುದ್ಧ ಎಂದು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸುವವರನ್ನು ಕಂಡರೆ ಹೆದರಿಕೆಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿ.ಲೀ. ಮಾದರಿಯಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಇವೆರಡನ್ನೂ ನಾಲಿಗೆ ಹೇಳುವುದಿಲ್ಲ. ಕೊಡದಲ್ಲಿಟ್ಟ ತಿಳಿನೀರು ಸಂಜೆಗೆ ಕೆಂಪಾಗುವುದು ಕಬ್ಬಿಣದಿಂದ, ಅದನ್ನಾದರೂ ಕಣ್ಣು ಹಿಡಿಯುತ್ತದೆ.

ನನ್ನ ತವರು ಕಾರವಾರದ ಕಡಲ ದಂಡೆ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಉಸುಕಿನ ನೆಲದಲ್ಲಿ ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ತನಕ ಸಿಹಿ ಎಂಬುದು ಹಳೆಯ ಲೆಕ್ಕ. ಮೇಲೆ ಒಂದು ಅಡಿ ಕಳೆದುಕೊಂಡರೆ ಕಾಲಕ್ರಮದಲ್ಲಿ ಉಪ್ಪು ನಲವತ್ತು ಅಡಿ ಮೇಲೇರಬಹುದು. ಬಿರುಕಿನ ಕಲ್ಲಿನಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ, ಉಪ್ಪು ಯಾವ ಸೀಳಿನಲ್ಲಿ ನುಗ್ಗುತ್ತದೆಂದು ಮೊದಲೇ ಹೇಳಲಾಗದು.

ನನ್ನ ಒತ್ತಾಯ ಇಷ್ಟು. ಯಾರೇ ಬೋರ್ ಕೊರೆಸಿದರೂ, ಎಷ್ಟು ಅಡಿಗೆ ಯಾವ ಬಣ್ಣದ ಹುಡಿ ಬಂತು, ಕೇಸಿಂಗ್ ಎಲ್ಲಿಗೆ ನಿಂತಿತು, ನೀರು ಎಷ್ಟನೇ ಅಡಿಯಲ್ಲಿ ಸಿಕ್ಕಿತು ಎಂಬುದು ಪಂಚಾಯಿತಿಯ ಒಂದು ಪುಸ್ತಕದಲ್ಲಿ ದಾಖಲಾಗಲಿ. ಊರಿಗೆ ಹತ್ತು ಬಾವಿಗಳ ಮಟ್ಟ ತಿಂಗಳಿಗೊಮ್ಮೆ ಅದರಲ್ಲೇ ಸೇರಲಿ. ಒಂದು ವರ್ಷದ ಅಳತೆ ಇಲ್ಲದೆ ಅದೇ ಕೇರಿಯಲ್ಲಿ ಮತ್ತೊಂದು ಬೋರಿಗೆ ಒಪ್ಪಿಗೆ ಬೇಡ. ಕುಡಿಯಲು ನೀರೇ ಇಲ್ಲದ ಮನೆಗೆ ಮಾತ್ರ ವಿನಾಯಿತಿ ಇರಲಿ.

ನನ್ನ ಹತ್ತಿರ ಈಗ 14 ಬೋರುಗಳ ಹುಡಿ ಇದೆ, ಅಡಿಯ ಲೆಕ್ಕ ಬರೆದ ಚೀಟಿಯೊಂದಿಗೆ ಪುಟ್ಟ ಪುಟ್ಟ ಚೀಲಗಳಲ್ಲಿ. ಸುತ್ತಲಿನ ಊರುಗಳಲ್ಲಿ ಯಾರ ಮನೆಗೆ ರಿಗ್ ಬರುವುದಿದ್ದರೂ ಒಂದು ಮಾತು ತಿಳಿಸಿ. ಎಷ್ಟು ಹೊತ್ತಾದರೂ ಬರುತ್ತೇನೆ.