ಪಂಚೆಯ ಅಂತಸ್ತು

2024ರ ಜುಲೈನಲ್ಲಿ ಹಾವೇರಿ ಕಡೆಯ ಹಿರಿಯ ರೈತರೊಬ್ಬರು ಮಗನೊಂದಿಗೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಹೋದಾಗ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಅವರನ್ನು ಬಾಗಿಲಲ್ಲೇ ತಡೆಯಲಾಯಿತು. ವಿಷಯ ವಿಧಾನಸಭೆಯವರೆಗೂ ಹೋಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಆಗ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರ ನಿತ್ಯದ ಉಡುಪೂ ಪಂಚೆಯೇ. ಅವರನ್ನು ತಡೆಯುವ ಕಾವಲುಗಾರ ಮಾತ್ರ ಇನ್ನೂ ಹುಟ್ಟಿಲ್ಲ.

ಪಂಚೆಗೆ ಬೆಲೆ ಕಟ್ಟುವುದು ಅದರ ಜರಿಯಂಚಲ್ಲ, ಅದು ಯಾವ ವಾಹನದಿಂದ ಇಳಿಯಿತೆಂಬುದು ಎಂದು ನನಗೆ ಖಚಿತವಾದದ್ದು ತುಮಕೂರಿನ ಒಂದು ಮದುವೆಯಲ್ಲಿ. ನನ್ನ ಷಡ್ಡಕರ ಬಿಳಿಯ ದೊಡ್ಡ ಕಾರಿನಿಂದ, ಗರಿಗರಿ ಇಸ್ತ್ರಿಯ ಬಿಳಿ ಪಂಚೆ ಮತ್ತು ಅಂಗಿಯಲ್ಲಿ ನಾನು ಇಳಿದದ್ದೇ ತಡ, ಅಪರಿಚಿತರು ಕೈಮುಗಿದು ಮುಂದಿನ ಸಾಲಿನ ಸೋಫಾಕ್ಕೆ ಕರೆದೊಯ್ದರು. ಒಬ್ಬರು ಮಗಳ ವರ್ಗಾವಣೆಯ ಅರ್ಜಿಯನ್ನು ಕೈಗಿತ್ತರು. “ನಾನು ಯಾರೂ ಅಲ್ಲ ಸ್ವಾಮಿ” ಎಂದರೆ, “ದೊಡ್ಡವರು ಹೀಗೇ ಹೇಳೋದು” ಎಂದು ಪಕ್ಕದವರತ್ತ ತಿರುಗಿ ನನ್ನ ವಿನಯವನ್ನು ಕೊಂಡಾಡಿದರು. ನಿರಾಕರಿಸಿದಷ್ಟೂ ನಾನು ಬೆಳೆಯುತ್ತಲೇ ಹೋದೆ. ನಿಜವಾದ ಶಾಸಕರಿಗೂ ಇಷ್ಟು ಸುಲಭದ ಪ್ರಚಾರ ಸಿಕ್ಕಿರಲಾರದು.

ಊಟದ ಪಂಕ್ತಿಯಲ್ಲಿ ಬಡಿಸುವ ಹುಡುಗನ ಕೈ ಜಾರಿ ಒಂದು ಸೌಟು ಸಾರು ನನ್ನ ತೊಡೆಯ ಮೇಲೆ ಬಿತ್ತು. ನಾಲ್ಕು ಜನ ನೀರು, ಟವೆಲ್ಲು ಹಿಡಿದು ಓಡಿಬಂದರು. ಪಾಪ, ಹುಡುಗನಿಗೆ ಬೈಗುಳವೂ ಬಿತ್ತು.

ಷಡ್ಡಕರು ಅಲ್ಲಿಂದಲೇ ಶಿವಮೊಗ್ಗಕ್ಕೆ ಹೊರಟಿದ್ದರಿಂದ ನಾನು ಬಸ್ಸು ಹತ್ತಿದೆ. ಅದೇ ಪಂಚೆ, ಅದೇ ಕಲೆ. ಪಕ್ಕದ ಸೀಟಿನವರು ತಮ್ಮ ಬ್ಯಾಗನ್ನು ನನ್ನಿಂದ ದೂರ ಸರಿಸಿಕೊಂಡರು. ಬೆಂಗಳೂರಿನಲ್ಲಿ ತಂಗಿಯ ಅಪಾರ್ಟ್‌ಮೆಂಟ್ ತಲುಪಿದಾಗ ಕಾವಲುಗಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಡುಗೆಯವರು ಹಿಂದಿನ ಲಿಫ್ಟಲ್ಲಿ ಹೋಗ್ಬೇಕು” ಎಂದ. “ನಾನು ಅಡುಗೆಯವನಲ್ಲಪ್ಪ” ಎಂದೆ. ಇಲ್ಲಿ ಅದನ್ನು ವಿನಯವೆಂದು ಯಾರೂ ಭಾವಿಸಲಿಲ್ಲ. ಸುಳ್ಳೆಂದು ಭಾವಿಸಿ ಅವನು ಹಿಂದಿನ ದಾರಿಯನ್ನೇ ಮತ್ತೊಮ್ಮೆ ತೋರಿಸಿದ.

ಆ ಲಿಫ್ಟಿನಲ್ಲಿ ದೊಡ್ಡ ಪಾತ್ರೆ ಹಿಡಿದ, ನಿಜಕ್ಕೂ ಅಡುಗೆಯವರೇ ಆದ ಹಿರಿಯರೊಬ್ಬರಿದ್ದರು. ನನ್ನ ಕಲೆಯನ್ನು ಅನುಭವಸ್ಥ ಕಣ್ಣಿನಿಂದ ಪರೀಕ್ಷಿಸಿ, “ಇವತ್ತು ಎಷ್ಟು ಎಲೆ?” ಎಂದು ಕೇಳಿದರು. “ಆರುನೂರು ಇರಬಹುದು” ಎಂದೆ. ಅವರು ತಕ್ಷಣ ಪಾತ್ರೆಯನ್ನು ಬದಿಗೆ ಸರಿಸಿ, “ಹಂಗಾದ್ರೆ ತಾವು ಮುಂದೆ ಬನ್ನಿ ಭಟ್ರೇ” ಎಂದು ಗೌರವದಿಂದ ಜಾಗ ಬಿಟ್ಟರು.