ಅಪ್ಪನ ಹೆಸರಿಗೊಂದು ರೇಟು

ನಮ್ಮಪ್ಪ ಬದುಕಿರುವವರೆಗೂ ತಾನು ಬೆಳೆದ ತೊಗರಿಗೆ ಸರಿಯಾದ ರೇಟು ಕಾಣಲಿಲ್ಲ. ಸತ್ತ ಮೇಲೆ ರೇಟು ಸಿಕ್ಕಿತು. ಅದೂ ಹೆಸರಿನ ನಟ್ಟನಡುವೆ.

ಸತ್ತ ಅಪ್ಪನ ಹೊಲ ವಾರಸುದಾರನಾದ ನನ್ನ ಹೆಸರಿಗೆ ಮಾಡಿಸಲು, ಅಂದರೆ ಪೌತಿ ಖಾತೆಗೆ, ಕಲಬುರಗಿಯ ಒಂದು ಕಚೇರಿಗೆ ಹೋಗಿದ್ದೆ. ಅಪ್ಪನ ಹೆಸರು ಬಸವರಾಜ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಓಣಿಗೆ ನಾಲ್ವರು ಬಸವರಾಜರು ಸಿಗುತ್ತಾರೆ, ಯಾರಿಗೂ ಬೇಜಾರಾಗಲ್ಲ. ಊರವರು ಕರೆಯುತ್ತಿದ್ದದ್ದು ಬಸಣ್ಣ. ಪಹಣಿಯಲ್ಲಿ ಎರಡೂ ಹೆಸರು ಇವೆ. ಎರಡರ ನಡುವೆ, ಬಾಲ ಸುತ್ತಿಕೊಂಡು ಮಲಗಿದ ನಾಯಿಯಂಥ ಒಂದು ಗುರುತು. ಇಮೇಲ್‌ನಲ್ಲಿ ಬರುತ್ತಲ್ಲ, ಅದೇ. ಕಂಪ್ಯೂಟರ್ ಮುಂದೆ ಕೂತ ಹುಡುಗ ಜೋರಾಗಿ ಓದಿದ: "ಬಸವರಾಜ ಅಟ್ ದ ರೇಟ್ ಬಸಣ್ಣ."

"ಕ್ವಿಂಟಲಿಗೆ ಎಷ್ಟಪ್ಪಾ?" ಅಂದೆ.

ಅವನು ನಗಲಿಲ್ಲ. ಅವನ ಹಿಂದೆ ಫೈಲುಗಳೂ ನಗಲಿಲ್ಲ.

ಅವನು ಓದಿದ್ದು ಸರಿಯೇ ಇತ್ತು ಬಿಡಿ. ಆ ಗುರುತು ವ್ಯಾಪಾರಿಗಳದು. ಹತ್ತು ಚೀಲ, ಚೀಲಕ್ಕೆ ಇಷ್ಟರಂತೆ ಅಂತ ಲೆಕ್ಕದ ಪುಸ್ತಕದಲ್ಲಿ ಬರೆಯಲು ಹಾಕುತ್ತಿದ್ದರು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ಆಳಿನ ಹೆಸರು ಎಲ್ಲಿ ಮುಗಿಯಿತು, ಮಷೀನಿನ ಹೆಸರು ಎಲ್ಲಿ ಶುರುವಾಯಿತು ಅಂತ ತೋರಿಸಲು ಇದೇ ಗುರುತನ್ನು ಆರಿಸಿಕೊಂಡರು. ಮನುಷ್ಯರ ಹೆಸರಿನಲ್ಲಿ ಇದು ಬರುವುದಿಲ್ಲ ಅನ್ನೋದೂ ಅದಕ್ಕೆ ಒಂದು ಕಾರಣ. ಪಾಪ, ಆರೋಪಿಯ ಎರಡು ಹೆಸರಿನ ನಡುವೆ ಇದನ್ನೇ ಹಾಕುವ ಕರ್ನಾಟಕದ ಎಫ್‌ಐಆರ್ ಅವರು ನೋಡಿರಲಿಲ್ಲ.

ಇಂಗ್ಲಿಷಿನವರ ಅಟ್ ಜಾಗ ತೋರಿಸುತ್ತದೆ. ಇಂಥವನು ಇಂಥ ಕಡೆ ಇದ್ದಾನೆ, ಅಷ್ಟೇ. ನಾವು ಆಳಿನ ಹೆಸರು ಬರೆದು, ಅಟ್ ಹಾಕಿ, ಮುಂದೆ ಜಾಗದ ಬದಲು ಮತ್ತೆ ಆಳಿನ ಹೆಸರನ್ನೇ ಬರೆಯುತ್ತೇವೆ. ಬಸವರಾಜನು ಬಸಣ್ಣನಲ್ಲಿ ಇದ್ದಾನೆ ಅಂದಹಾಗಾಯ್ತು. ಬಸಣ್ಣ ಎಲ್ಲಿದ್ದಾನೆ? ಅದನ್ನು ಯಾವ ದಾಖಲೆಯೂ ಹೇಳಲ್ಲ.

ಅಲಿಯಾಸ್ ಅಂತ ಬರೆಯಲು ಬೇಜಾರಾಗಿ ಪೊಲೀಸರು ಈ ಸುರುಳಿ ಹಾಕಿದರೆ ಒಪ್ಪೋಣ. ನಾಲ್ಕು ಹೆಸರಿನ ಕಳ್ಳನಿಗೆ ಮೂರು ಸುರುಳಿ ಬೇಕಾಗುತ್ತದೆ, ಕೈ ನೋಯುತ್ತದೆ. ಆದರೆ ನಮ್ಮಪ್ಪ ಜೀವಮಾನದಲ್ಲಿ ಠಾಣೆ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಎತ್ತು ಕಳೆದಾಗ.

ಇದಕ್ಕೆ ನಮ್ಮಲ್ಲಿ ಮಾತಿಲ್ಲವಾ? ಇದೆ. ಉರ್ಫ್. ಅರಬ್ಬಿಯಿಂದ ಉರ್ದುವಿಗೆ ಬಂದು, ನಿಜಾಮರ ಕಾಲದ ಕಾಗದಗಳಿಂದ ನಮ್ಮಜ್ಜಿಯ ಬಾಯಿಗೂ ಬಂದ ಮಾತು. ಜನ ಬಲ್ಲ ಹೆಸರು ಅಂತ ಅರ್ಥ. ಎಷ್ಟು ಮರ್ಯಾದೆ ಇದೆ ನೋಡಿ ಅದರಲ್ಲಿ! ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು. ತಹಸೀಲ್ದಾರರು ಉಳಿದರು. ಅರ್ಜಿ ಉಳಿಯಿತು, ನಕಲು ಉಳಿಯಿತು, ವಾರಸುದಾರ ಉಳಿದ. ಉರ್ಫ್ ಒಂದೇ ಕಚೇರಿಗೆ ಭಾರವಾಯಿತು.

ಇರಲಿ, ಕತೆ ಇನ್ನೂ ಇದೆ. ಹುಡುಗ ಹೆಸರನ್ನು ಕಂಪ್ಯೂಟರಿಗೆ ಹಾಕಿದ. ಅದು ಕೆಂಪು ಅಕ್ಷರದಲ್ಲಿ ಬೈದು ವಾಪಸ್ ಕಳಿಸಿತು. ಹೆಸರಿನಲ್ಲಿ ಅಕ್ಷರ ಬಿಟ್ಟು ಬೇರೇನೂ ಇರಬಾರದಂತೆ. ಸರ್ಕಾರವೇ ಹಾಕಿದ ಗುರುತು, ಸರ್ಕಾರದ ಕಂಪ್ಯೂಟರಿಗೇ ಬೇಡ. ಹುಡುಗ ಜಾಣ. ಗುರುತು ತೆಗೆದು ಇಂಗ್ಲಿಷಿನಲ್ಲಿ ಎರಡಕ್ಷರದ ಅಟ್ ಕುಟ್ಟಿದ. ಕಂಪ್ಯೂಟರ್ ಅದನ್ನು ತಾನೇ ಕನ್ನಡ ಮಾಡಿಕೊಂಡಿತು. ಪ್ರಿಂಟ್ ಬಂತು: ಬಸವರಾಜ ಆಟ ಬಸಣ್ಣ.

"ಸರ, ಇದು ಮೂರ್ ಮಂದಿ ತೋರಸ್ಲಕತ್ತದ್ರಿ."

"ಆಟ ಯಾರಪ್ಪಾ?"

"ಅದು ನನಗೇನ್ ಗೊತ್ರಿ, ನಿಮ್ಮನಿ ಮಂದಿ. ಮೂವರೂ ಒಬ್ಬರೇ ಅಂತ ಅಫಿಡವಿಟ್ ಮಾಡ್ಸಕೊಂಡ್ ಬರ್ರಿ."

ನೋಟರಿ ಹತ್ತಿರ ಹೋಗುವಾಗ ದಾರಿಯುದ್ದಕ್ಕೂ ಬೋರ್ಡು ಓದಿದೆ. ಅಫಿಡವಿಟ್ ಬೇಕಾಗಿರುವುದು ನಮ್ಮಪ್ಪನಿಗಲ್ಲ, ಊರಿಗೆ ಅನಿಸಿತು. 1347ರಲ್ಲಿ ಬಹಮನಿಯವರು ಇಲ್ಲಿ ರಾಜಧಾನಿ ಮಾಡಿ ಅಹಸನಾಬಾದ್ ಅಂದರು. ಅದನ್ನು ಮರೆತೆವು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಆಯಿತು, ಖುಷಿಪಟ್ಟೆವು. ವಿಶ್ವವಿದ್ಯಾಲಯ ಮಾತ್ರ ಗುಲಬರ್ಗಾ. ಲೋಕಸಭೆಗೆ ನಿಂತರೆ ಗುಲಬರ್ಗಾ ಕ್ಷೇತ್ರ. ಬೇಳೆಗೆ ಸಿಕ್ಕ ಜಿಐ ಟ್ಯಾಗ್ ಎಂಬ ಭೌಗೋಳಿಕ ಮುದ್ರೆಯಲ್ಲೂ ಗುಲಬರ್ಗಾ ತೊಗರಿ ಬೇಳೆ. ರೈಲ್ವೆ ನಿಲ್ದಾಣದ ಕೋಡು ಕೆಎಲ್‌ಬಿಜಿ. ಹೆಸರು ಬದಲಾಗಿ ಐದು ವರ್ಷದ ಮೇಲೆ, 2019ರಲ್ಲಿ ಶುರುವಾದ ವಿಮಾನ ನಿಲ್ದಾಣದ ಕೋಡು ಜಿಬಿಐ. ಅಂದರೆ ರೈಲಿನಲ್ಲಿ ಬಂದರೆ ಕಲಬುರಗಿಗೆ ಬರುತ್ತೀರಿ, ವಿಮಾನದಲ್ಲಿ ಬಂದರೆ ಗುಲಬರ್ಗಾಕ್ಕೆ. ಎರಡರ ನಡುವೆ ಆಟೋದವರು ಕೇಳುವ ರೇಟು ಬೇರೆ.

ಸ್ಟ್ಯಾಂಪ್ ಪೇಪರ್ ತುಂಬುವ ಹುಡುಗ ಎಲ್ಲ ಟೈಪ್ ಮಾಡಿದ. ಬಸವರಾಜ, ಆಟ, ಬಸಣ್ಣ ಒಬ್ಬರೇ ಎಂದು ನಾನು ಪ್ರಮಾಣ ಮಾಡಿದೆ. ಕೊನೆಯ ಸಾಲಿಗೆ ನಿಂತ.

"ಕಾಕಾ, ಸ್ಥಳ ಏನ್ ಹಾಕ್ಲಿರಿ? ಕಲಬುರಗಿನೋ ಗುಲಬರ್ಗಾನೋ?"

"ಎರಡೂ ಹಾಕಪ್ಪಾ. ನಡುವ ಉರ್ಫ್ ಅಂತ ಬರಿ."

ಅವನು ತಲೆ ಎತ್ತಲಿಲ್ಲ. ಕಲಬುರಗಿ ಅಂತ ಹೊಡೆದ. ಒಂದು ಬೆರಳಲ್ಲಿ ಶಿಫ್ಟ್ ಹಿಡಿದು, ಇನ್ನೊಂದರಲ್ಲಿ 2ರ ಕೀ ಒತ್ತಿದ. ಅದೇ ಸುರುಳಿ ಬಂತು.